ಒಳಗೆ ಬಿಟ್ಟ ಬಟ್ಟೆ

ನಲವತ್ತು ಗ್ರಾಂ ಅಂದರೆ ಎಷ್ಟು ಅಂತ ಕೇಳಿದರೆ ನೀವು ನಗುತ್ತೀರಿ. ಒಂದು ಸಣ್ಣ ಬನ್ನಿನಷ್ಟು ಅನ್ನುತ್ತೀರಿ. ನಗಿ, ನಗಿ! ಆ ನಲವತ್ತು ಗ್ರಾಮಿಗೋಸ್ಕರ ತೊಂಬತ್ತು ಕೆಜಿ ಮೈ ಹೊತ್ತುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಬೆಳ್ಳಂಬೆಳಿಗ್ಗೆ ನಡುಬೀದಿಯಲ್ಲಿ ಓಡಿದವಳು ನಾನು. ಹಾಲಿನವನು ಸೈಕಲ್ಲು ನಿಲ್ಲಿಸಿ ಗೋಡೆಗೆ ಒರಗಿ ನಿಂತುಬಿಟ್ಟ. ಬೇಕಾದರೆ ಅವನನ್ನೇ ಕೇಳಿ.

ನಮ್ಮೂರಿನಲ್ಲಿ ಒಬ್ಬರ ಮೈಯಿಂದ ಇಳಿದ ತೂಕ ಬೆಳಗಾಗುವುದರೊಳಗೆ ಇನ್ನೊಬ್ಬರ ಮೈಗೆ ಏರಿರುತ್ತದೆ. ಯಾಕೆ ಅಂತ ಯಾರೂ ಕೇಳುವುದಿಲ್ಲ. ನಲ್ಲಿಯಲ್ಲಿ ನೀರು ಯಾಕೆ ಬರುತ್ತದೆ ಅಂತ ಯಾರು ಕೇಳುತ್ತಾರೆ, ಬರದಿದ್ದರೆ ತಾನೇ ಕೇಳುವುದು? ತೀರಿಕೊಂಡವರ ತೂಕ ಇಡೀ ಊರಿಗೆ ಚೂರುಚೂರಾಗಿ ಹಂಚಿಹೋಗುತ್ತದೆ; ಅದಕ್ಕೇ ಮಣ್ಣು ಮಾಡಿ ಬಂದ ಮಾರನೇ ದಿನ ಎಲ್ಲರಿಗೂ ಕಾಲು ಭಾರ. ಬೆಳಿಗ್ಗೆ ಆರು ಗಂಟೆಗೆ ತೂಕದ ಮನೆಯ ಬಾಗಿಲು ತೆರೆಯುತ್ತದೆ. ಸಾಲಿನಲ್ಲಿ ನಿಂತು ತೂಗಿಸಿಕೊಂಡು ಬಂದು, ಹೊಸ್ತಿಲ ಮುಂದೆ ರಂಗೋಲಿ ಹಾಕುವಾಗ ಅದರ ಪಕ್ಕದಲ್ಲೇ ಮನೆಯವರೆಲ್ಲರ ತೂಕ ಬರೆಯುತ್ತೇವೆ. ಇಳಿಸಿದವರು ಬೀದಿಬೀದಿ ಸುತ್ತಿ, ಹೊಸ್ತಿಲು ಹೊಸ್ತಿಲು ಓದಿ, ಅಷ್ಟೇ ಏರಿದವರು ಯಾರು ಅಂತ ಪತ್ತೆ ಹಚ್ಚಬೇಕು. ಆಮೇಲೆ ಎಲೆ ಅಡಿಕೆ ಬಾಳೆಹಣ್ಣು ತೆಗೆದುಕೊಂಡು ಅವರ ಮನೆಗೆ ಹೋಗಿ, “ನಮ್ಮದು ನಿಮಗೆ ಬಂದುಬಿಡ್ತು, ಬೇಜಾರು ಮಾಡ್ಕೋಬೇಡಿ” ಅನ್ನಬೇಕು. ಅವರು ತಾಂಬೂಲ ಇಸಕೊಂಡು “ಬಂದದ್ದು ಇರಲಿ” ಅನ್ನಬೇಕು. ಹೊಟ್ಟೆಯೊಳಗೆ ಎಷ್ಟೇ ಬೈದುಕೊಂಡರೂ ಬಾಯಲ್ಲಿ ಅದೇ ಮಾತು ಬರಬೇಕು.

ನಾನು ಟೈಲರ್ ಚೆಲುವಾಂಬ. ಚೆಲುವಕ್ಕ ಅಂದರೆ ಎಲ್ಲರಿಗೂ ಗೊತ್ತು. ಮೂವತ್ತು ವರ್ಷದಿಂದ ಊರಿನ ಹೆಂಗಸರಿಗೆಲ್ಲ ಬ್ಲೌಸು ಹೊಲಿದವಳು. ಹೊಲಿದದ್ದು ವಾಪಸು ಬಂತು, ಹೊಲಿಗೆ ಬಿಚ್ಚಬೇಕು ಅಂದರೆ ನನಗೆ ಮೈಯೆಲ್ಲ ಉರಿ. ಮದುವೆ ಕಾಲದಲ್ಲಿ ಆಗುತ್ತಿದ್ದದ್ದೇ ಅದು. ಮದುಮಗಳ ಅಳತೆ ತೆಗೆದುಕೊಂಡು ಅಚ್ಚುಕಟ್ಟಾಗಿ ಹೊಲಿದಿಟ್ಟಿರುತ್ತೇನೆ, ಅಷ್ಟರಲ್ಲಿ ಯಾವಳೋ ಪುಣ್ಯಾತ್ಗಿತ್ತಿ ಎರಡು ಕೆಜಿ ಇಳಿಸುತ್ತಾಳೆ, ಅದು ಹೋಗಿ ಮದುಮಗಳ ತೋಳಿಗೆ ಕೂರುತ್ತದೆ. ಮುಹೂರ್ತದ ಹಿಂದಿನ ದಿನ ಕಣ್ಣೀರು ಹಾಕಿಕೊಂಡು ಬರುತ್ತಾಳೆ, “ಚೆಲುವಕ್ಕಾ, ತೋಳೇ ಹೋಗ್ತಿಲ್ಲ!” ಹೋದ ವರ್ಷ ಹಾಗೆ ಹನ್ನೊಂದು ಬ್ಲೌಸು ಬಿಚ್ಚಿದೆ. ಅದಕ್ಕೇ ಈ ವರ್ಷ ತೂಕದ ಮನೆಯ ಮುಂದೆ ನಿಂತು ಎಲ್ಲರ ಕೈಲೂ ಮಾತು ತೆಗೆದುಕೊಂಡೆ. ಕೊನೆಯ ಮದುವೆ ಮುಗಿಯುವವರೆಗೆ ಯಾರೂ ಇಳಿಸುವ ಹಾಗಿಲ್ಲ, ಇಳಿಸಿದವರ ಬ್ಲೌಸು ನಾನು ಮುಟ್ಟುವುದಿಲ್ಲ ಅಂದೆ. ಹೋಳಿಗೆ ಬಿಡಬೇಡಿ ಅಂದರೆ ಯಾರಿಗೆ ಕಷ್ಟ? ಎಲ್ಲರೂ ಸಂತೋಷವಾಗಿ ಒಪ್ಪಿಕೊಂಡರು.

ಆದರೆ ಬಸುರಿಯರ ವಿಷಯ ನನ್ನ ತಲೆಗೆ ಬರಲೇ ಇಲ್ಲ. ನಮ್ಮಲ್ಲಿ ಬಸುರಿಗೆ ಎಂಟು ತಿಂಗಳು ಹಿಡಿಯುತ್ತಿದ್ದ ಹಾಗೆ ಬೀದಿಯವರೆಲ್ಲ ಸ್ವಲ್ಪ ಸ್ವಲ್ಪ ಇಳಿಸುತ್ತಾರೆ. ಎಲ್ಲರೂ ಇಳಿಸಿದರೆ ಎಲ್ಲೋ ಒಂದಿಷ್ಟು ಅವಳಿಗೂ ಮಗುವಿಗೂ ಸೇರುತ್ತದೆ ಅಂತ. ನನ್ನ ಅಂಗಡಿಯಲ್ಲಿ ಹುಕ್ಕು, ಹೆಮ್ಮಿಂಗು ನೋಡಿಕೊಳ್ಳುವ ಇಂದುಮತಿಗೆ ಮದುವೆ ಕಾಲ ಮುಗಿದ ಮೇಲೆ ಎಂಟು ತುಂಬುತ್ತಿತ್ತು. ಆದರೆ ಹುಡುಗಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಹೆಣ್ಣು ಮಗು. ಒಂದು ಕೆಜಿ ಆರುನೂರು ಗ್ರಾಂ.

ಹನ್ನೊಂದು ದಿನವಾದರೂ ಆರುನೂರು ಆರುನೂರೇ. ಹಾಲು ಕುಡಿಯುತ್ತಿತ್ತು, ನಿದ್ದೆ ಮಾಡುತ್ತಿತ್ತು, ಒಂದು ಗ್ರಾಂ ಏರಲಿಲ್ಲ. ಎಲ್ಲಿಂದ ಏರಬೇಕು? ಊರಿನಲ್ಲಿ ಯಾರೂ ಇಳಿಯುತ್ತಿರಲಿಲ್ಲವಲ್ಲ! ನರ್ಸಮ್ಮ ನೋಡಿಕೊಂಡು ಹೋಗುವಾಗ, ಎರಡು ಕೆಜಿ ಮುಟ್ಟಿದರೆ ಗೆದ್ದ ಹಾಗೆ, ಹೀಗೇ ಇದ್ದರೆ ಇನ್ನೊಂದು ತಿಂಗಳು ದಾಟುವುದು ಕಷ್ಟ ಅಂದಳಂತೆ. ಅದನ್ನು ನನಗೆ ಹೇಳಿದ್ದು ಇಂದುವಿನ ಅತ್ತೆ ತಿಮ್ಮಾಜಮ್ಮ. ಅಂಗಡಿ ಬಾಗಿಲಲ್ಲೇ ನಿಂತು ಹೇಳಿದಳು.

“ನಿನ್ನ ಬ್ಲೌಸುಗಳು ಚೆನ್ನಾಗವೆ ಚೆಲುವಿ. ಒಂದೂ ಬಿಗಿಯಾಗಿಲ್ಲ. ನನ್ನ ಮೊಮ್ಮಗಳು ಮಾತ್ರ ಕೈಗೆ ಹತ್ತುತಾ ಇಲ್ಲ.”

ಕೆನ್ನೆಗೆ ಬಾರಿಸಿದ ಹಾಗಾಯಿತು. ಅವಳು ಹೋದ ಮೇಲೆ ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತೆ. ಆಮೇಲೆ ಎದ್ದು ಬೀದಿಗೆ ಬಂದು ನನ್ನ ಮಾತು ವಾಪಸು ತಗೊಂಡಿದ್ದೇನೆ ಅಂತ ಮನೆಮನೆಗೂ ಕೂಗಿ ಹೇಳಿದೆ. ಏನು ಪ್ರಯೋಜನ? ದಿನಕ್ಕೊಂದು ಮದುವೆ, ದಿನಕ್ಕೊಂದು ಊಟ. ಒಬ್ಬಳು ಕಷ್ಟಪಟ್ಟು ಇಳಿಸಿದ್ದು ಪಕ್ಕದ ಮನೆಯವಳಿಗೆ ಹೋಯಿತು, ಅವಳು ಇಳಿಸಿದ್ದು ಇವಳಿಗೇ ವಾಪಸು ಬಂತು. ಊರಿಗೆಲ್ಲ ದಪ್ಪ ನಾನು. ಇಳಿಸಬೇಕಾದವಳೂ ನಾನೇ ಅಂತ ತೀರ್ಮಾನ ಮಾಡಿದೆ.

ಇಳಿಸುವುದು ನನಗೇನು ಹೊಸದಲ್ಲ. ವರ್ಷಕ್ಕೆ ನಾಲ್ಕು ಸಲ ಶುರು ಮಾಡುತ್ತೇನೆ, ನಾಲ್ಕು ಸಲ ಬಿಡುತ್ತೇನೆ. ಮಾರನೇ ದಿನ ಬೆಳಿಗ್ಗೆ ತೂಕದ ಮನೆಯಲ್ಲಿ ಹಲಗೆ ಹತ್ತಿದೆ. ತೊಂಬತ್ತೊಂದು ಕೆಜಿ ನಾನೂರು. ತೂಕದ ಮನೆಯ ಶಾಂತವೀರಪ್ಪನವರು ಕನ್ನಡಕ ಮೂಗಿನ ತುದಿಗೆ ಇಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರು ಸುಮ್ಮನೆ ಮಾತಾಡುವವರಲ್ಲ.

“ಚೆಲುವಮ್ಮ, ಸೊಂಟದಲ್ಲಿ ಏನದು?”

ನೋಡಿಕೊಂಡೆ. ಕತ್ತರಿ! ದೊಡ್ಡ ಕತ್ತರಿ, ಕಬ್ಬಿಣದ್ದು. ಅದರ ಪಕ್ಕದಲ್ಲಿ ಬೀಗದ ಕೈಗೊಂಚಲು. ಕತ್ತಿನಲ್ಲಿ ಟೇಪು. ಸೆರಗಿನ ಗಂಟಿನಲ್ಲಿ ಸೀಮೆಸುಣ್ಣ, ಎರಡು ಬಾಬಿನ್ನು. ಒಂದೊಂದೇ ತೆಗೆದು ಅವರ ಮೇಜಿನ ಮೇಲಿಟ್ಟೆ. ಮತ್ತೆ ಹತ್ತಿದರೆ ತೊಂಬತ್ತು ಕೆಜಿ ಒಂಬೈನೂರು. ಅರ್ಧ ಕೆಜಿ ಕಬ್ಬಿಣ ಹೊತ್ತುಕೊಂಡು ಮೂವತ್ತು ವರ್ಷದಿಂದ ತೂಗಿಸಿಕೊಳ್ಳುತ್ತಿದ್ದೆ! ಸಾಲಿನಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಕತ್ತರಿ ಮರೆತು ಬಂದ ದಿನಗಳಲ್ಲಿ ಇಳಿದುಬಿಟ್ಟೆ ಅಂತ ಹಿಗ್ಗಿ ಯಾರ್ಯಾರ ಮನೆಗೋ ತಾಂಬೂಲ ಕೊಟ್ಟು ಬಂದಿದ್ದೆನಲ್ಲ! ಎರಡು ಹೋಳಿಗೆ ಜಾಸ್ತಿ ತಿಂದಿದ್ದ ವೈರ್‌ಮ್ಯಾನ್ ಹೆಂಡತಿ ರೇವಮ್ಮ ನನ್ನ ತೂಕ ತನಗೆ ಬಂತು ಅಂತ ನಂಬಿ ಆರು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದಳು.

ಶಾಂತವೀರಪ್ಪನವರು ಸಾಲನ್ನು ನಿಲ್ಲಿಸಿ ನನಗೆ ಪಾಠ ಹೇಳಿದರು. “ನೋಡಮ್ಮ. ಎದ್ದ ತಕ್ಷಣ, ಹೊರಗೆ ಹೋಗಿ ಬಂದ ಮೇಲೆ, ಕಾಫಿ ಕುಡಿಯೋಕೆ ಮುಂಚೆ ಬಾ. ದಿನಾ ಅದೇ ಹೊತ್ತು. ದಿನಾ ಇದೇ ಹಳೇ ನೈಲಾನ್ ಸೀರೆ. ಒಂದು ದಿನದ ತೂಕ ನೋಡಿ ಕುಣಿಯೋದೂ ಬೇಡ, ಅಳೋದೂ ಬೇಡ. ಮೈತೂಕ ಬೇರೆ, ನೀರ್ತೂಕ ಬೇರೆ. ನೀರು ಬರ್ತದೆ, ಹೋಗ್ತದೆ, ಅದು ಯಾರ ಮನೆಗೂ ಹೋಗಲ್ಲ, ಅದಕ್ಕೆ ತಾಂಬೂಲ ಇಲ್ಲ. ಏಳು ದಿನದ್ದು ಕೂಡಿಸು, ಏಳರಿಂದ ಭಾಗಿಸು. ಆ ಸರಾಸರಿ ಇಳಿದ್ರೆ ಮಾತ್ರ ನೀನು ಇಳಿದೆ ಅಂತ.”

“ಅಷ್ಟು ದಿನ ಮಗು ಕಾಯುತ್ತಾ ಸ್ವಾಮಿ?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ದಿನಾ ಬೆಳಿಗ್ಗೆ ಸಣ್ಣ ತಕ್ಕಡಿ ಕಂಕುಳಲ್ಲಿ ಇಟ್ಟುಕೊಂಡು ಇಂದು ಮನೆಗೆ ಹೋಗಿ ಮಗುವನ್ನು ತೂಗಿ ಬರುತ್ತಿದ್ದವರು ಅವರೇ. “ತಪ್ಪು ತೂಗಿದ್ರೆ ಇನ್ನೂ ಕಾಯಬೇಕಾಗುತ್ತೆ,” ಅಂದರು.

ಅವತ್ತಿನಿಂದ ನಾನು ಬೇರೆ ಹೆಂಗಸು. ಬೆಳಿಗ್ಗೆ ತೂಗಿಸಿಕೊಂಡು ಕೆರೆ ಏರಿಯ ಮೇಲೆ ಎರಡು ಸುತ್ತು. ಮುದ್ದೆ ಅರ್ಧ. ಮದುವೆ ಮನೆಗಳಿಂದ ಬಂದ ಲಾಡು ಎದುರುಮನೆಗೆ. ಸಂಜೆ ಮತ್ತೆ ಕೆರೆ ಏರಿ. ಮಿಷನ್ನಿನ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದಿನಾ ತೂಕ ಬರೆದೆ. ನಮ್ಮ ಯಜಮಾನರಿಗೆ ಮಾತ್ರ ಗಾಬರಿ. ಹದಿನೆಂಟು ವರ್ಷದಿಂದ ಎಪ್ಪತ್ತೆರಡು ಕೆಜಿ ಕಾಪಾಡಿಕೊಂಡು ಬಂದ ಮನುಷ್ಯ. “ಇಳಿಸು, ಬೇಡ ಅನ್ನಲ್ಲ. ನಂಗೆ ಮಾತ್ರ ಕಳಿಸಬೇಡ್ವೇ!” ಅಂತ ಊಟಕ್ಕೆ ಕೂಡ ಎರಡು ಮಾರು ದೂರ ಕೂರುತ್ತಿದ್ದರು.

ಎರಡು ವಾರ ಕಳೆಯುವುದರೊಳಗೆ ಸರಾಸರಿ ಇನ್ನೂರು ಗ್ರಾಂ ಇಳಿಯಿತು! ಇಂದು ಮನೆಗೆ ಓಡಿದೆ. ಒಂದು ಕೆಜಿ ಆರುನೂರು. ಹಾಗೇ ಬೀದಿ ಸುತ್ತಿದೆ. ನನ್ನ ಇನ್ನೂರು ಗ್ರಾಂ ಹೆಡ್‌ಮಿಸ್ಸು ವಿಮಲಾಕ್ಷಿಯವರ ಹೊಸ್ತಿಲ ಮೇಲಿತ್ತು. ತಾಂಬೂಲ ಕೊಟ್ಟೆ, ಅವರು ಹಲ್ಲು ಕಚ್ಚಿಕೊಂಡು “ಬಂದದ್ದು ಇರಲಿ” ಅಂದರು. ಮೂರು ದಿನ ಬಿಟ್ಟು ಇನ್ನೂ ನೂರೈವತ್ತು ಇಳಿಯಿತು. ಅದು ರೇವಮ್ಮನಿಗೆ! ಈ ಸಲ ನಿಜವಾಗಿಯೂ ಬಂದಿತ್ತು. ಅವಳು ಮತ್ತೆ ಮಾತು ಬಿಟ್ಟಳು. ನಾನು ಇಳಿದದ್ದೂ ದಂಡ, ನಡೆದದ್ದೂ ದಂಡ ಅನ್ನಿಸಿ ಅಂಗಡಿಗೆ ಬಂದು ಧೊಪ್ಪಂತ ಕೂತೆ.

ಅಳುತ್ತ ಕೂತರೆ ಬ್ಲೌಸು ಆಗುತ್ತದೆಯೇ? ವಿಮಲಾಕ್ಷಿಯವರ ಬ್ಲೌಸು ಕತ್ತರಿಸೋಣ ಅಂತ ಅಳತೆ ಪುಸ್ತಕ ತೆಗೆದೆ. ಅವರ ಅಳತೆಯ ಮೇಲೆ ತಾರೀಕು ಬರೆದಿದ್ದೆ. ಕೆಳಗೆ ರೇವಮ್ಮನ ಅಳತೆ, ಅದರ ಮೇಲೂ ತಾರೀಕು. ಗೋಡೆ ನೋಡಿದೆ. ಪುಸ್ತಕ ನೋಡಿದೆ. ಮತ್ತೆ ಗೋಡೆ ನೋಡಿದೆ. ಮದುವೆ ಬಟ್ಟೆ ರಾಶಿ ಬಿದ್ದಿದೆ ಅಂತ ಈ ದಿನಗಳಲ್ಲಿ ನಾನು ಹೊಸ ಅಳತೆ ತೆಗೆದದ್ದು ಇಬ್ಬರದೇ. ವಿಮಲಾಕ್ಷಿಯವರದು ತೆಗೆದ ಮಾರನೇ ಬೆಳಿಗ್ಗೆ ಇನ್ನೂರು ಗ್ರಾಂ ಅವರಿಗೆ. ರೇವಮ್ಮನದು ತೆಗೆದ ಮಾರನೇ ಬೆಳಿಗ್ಗೆ ನೂರೈವತ್ತು ರೇವಮ್ಮನಿಗೆ. ಬೇರೆಯವರ ತೂಕ ಯಾವ ದಾರಿಯಲ್ಲಿ ಹೋಗುತ್ತದೋ ನನಗೆ ಗೊತ್ತಿಲ್ಲ. ನನ್ನದು ಟೇಪು ಹಿಡಿದುಕೊಂಡು ಹೋಗುತ್ತಿತ್ತು! ಕತ್ತರಿ ಹೊತ್ತುಕೊಂಡು ತೂಗಿಸಿಕೊಳ್ಳುತ್ತಿದ್ದ ಕಾಲದಲ್ಲಿ ಇದು ಕಂಡೀತಾದರೂ ಹೇಗೆ? ಎದ್ದವಳೇ ಟೇಪು ಕತ್ತಿಗೆ ಹಾಕಿಕೊಂಡು ಹೊರಟೆ. ಎದುರಿಗೆ ಬಂದ ಯಜಮಾನರಿಗೆ ವಿಷಯ ಹೇಳಿದೆ. ಅವರು ಮೂರು ಹೆಜ್ಜೆ ಹಿಂದೆ ಹಾರಿ, “ಇನ್ನು ಮೇಲೆ ನನ್ನ ಚಡ್ಡಿ ನಾನು ಪೇಟೆಯಲ್ಲೇ ರೆಡಿಮೇಡ್ ತಗೋತೀನಿ” ಅಂದರು.

ತಿಮ್ಮಾಜಮ್ಮ ಬಾಣಂತಿ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು. ಟೇಪು ನೋಡಿದ್ದೇ ಅವಳ ಮುಖ ಕೆಂಪಾಯಿತು. ನಮ್ಮಲ್ಲಿ ಹೆಸರಿಡುವ ತನಕ ಮಗುವಿಗೆ ಹೊಸ ಬಟ್ಟೆ ಹಾಕುವುದಿಲ್ಲ, ಹಳೇ ಸೀರೆಯ ತುಂಡೇ ಗತಿ. ಅಳತೆಯಂತೂ ಯಾರೂ ತೆಗೆಯುವುದಿಲ್ಲ. ಹೊಸ್ತಿಲ ಮೇಲೆ ಅದರ ತೂಕ ಕೂಡ ಬರೆಯುವುದಿಲ್ಲ.

“ಅಳತೆ ತಗೊಂಡ್ರೆ ಮಗು ಅಷ್ಟಕ್ಕೇ ನಿಲ್ತದೆ. ಗೊತ್ತಿಲ್ವೇನೇ ನಿಂಗೆ? ಇಷ್ಟು ಮಾಡಿದ್ದು ಸಾಲದಾ?”

“ಈಗ ನಿಂತಿಲ್ವಾ ತಿಮ್ಮಾಜಮ್ಮನೋರೇ?” ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. “ನನ್ನ ತಪ್ಪು. ನೂರು ಸಲ ನನ್ನದೇ ತಪ್ಪು. ಅದನ್ನ ಸರಿ ಮಾಡೋಕೆ ಬಂದಿದ್ದೀನಿ. ತಲೆ ಸುತ್ತಳತೆ ಒಂದೇ ಸಾಕು. ಒಂದು ಕುಲಾವಿಗೆ ಆಗುವಷ್ಟು.”

ಒಳಗಿನಿಂದ ಇಂದುವಿನ ದನಿ ಬಂತು. ಹೆರಿಗೆಯಾದ ಮೇಲೆ ಆ ಹುಡುಗಿ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. “ಅತ್ತೆ, ಬಿಡಿ ಅವರನ್ನ. ಅಕ್ಕಾ, ಬನ್ನಿ. ಅಳೀರಿ.”

ತಿಮ್ಮಾಜಮ್ಮ ಪಕ್ಕಕ್ಕೆ ಸರಿದು ನನ್ನ ರಟ್ಟೆ ಹಿಡಿದಳು. “ಅಳೆಯೋದಾದ್ರೆ ಅಳಿ. ಆದ್ರೆ ಅಳತೆಗೆ ಸರಿಯಾಗಿ ಹೊಲೀಬೇಡ. ಒಳಗೆ ಬಟ್ಟೆ ಬಿಡು. ನಾಲ್ಕು ಬೆರಳು ಬಿಡು.”

“ನಾಲ್ಕು ಬೆರಳಾ? ಅಯ್ಯೋ, ಅಂಗೈಯಗಲದ ಟೋಪಿಗೆ ನಾಲ್ಕು ಬೆರಳು ಬಿಟ್ರೆ ಅದು ಕುಲಾವಿ ಆಗಲ್ಲ, ಗಂಟು ಆಗುತ್ತೆ.”

“ಗಂಟಾಗಲಿ. ಬಿಡು.”

ಇಂದುವಿನ ಎದೆಗೆ ಅಂಟಿಕೊಂಡು ಮಲಗಿತ್ತು ಮಗು. ಸಾವಿರಾರು ಮೈ ಅಳೆದ ಕೈ ನನ್ನದು, ಅವತ್ತು ಎರಡೆರಡು ಸಲ ಅಳೆಯಿತು. ಹನ್ನೊಂದೂವರೆ ಇಂಚು. ಅಂಗಡಿಗೆ ಬಂದು ಮೆತ್ತನೆಯ ಹಳದಿ ಬಟ್ಟೆಯಲ್ಲಿ ಕುಲಾವಿ ಹೊಲಿದೆ, ನಾಲ್ಕು ಬೆರಳು ಒಳಗೆ ಮಡಚಿ. ನನ್ನ ಜೀವನದಲ್ಲಿ ಅಷ್ಟು ಅಸಹ್ಯವಾದ ಹೊಲಿಗೆ ಹಾಕಿರಲಿಲ್ಲ. ಆಮೇಲೆ ಅಂಗಡಿಯ ಬಾಗಿಲೆಳೆದು ಬೀಗ ಹಾಕಿದೆ. ಬೇರೆ ಯಾರನ್ನಾದರೂ ಅಳೆದು ತೂಕ ಅತ್ತ ಹೋಗಿಬಿಟ್ಟರೆ? ಮದುವೆ ಮನೆಯವರು ಬಂದು ಬಾಗಿಲು ಬಡಿದರು, ಬೈದರು. ನಾನು ಕೆರೆ ಏರಿಯ ಮೇಲಿದ್ದೆ.

ಮೊದಲ ದಿನ ಏನೂ ಇಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ ಹಲಗೆ ಹತ್ತಿದರೆ, ಅಯ್ಯೋ ದೇವರೇ, ಆರುನೂರು ಗ್ರಾಂ ಏರಿದ್ದೇನೆ! ನಾನು ಏರಿದರೆ ಯಾರೋ ಇಳಿದಿರಬೇಕು. ಟೇಪಿನ ಆ ಕೊನೆಯಲ್ಲಿ ಇದ್ದದ್ದು ಯಾರು? ಆ ಮಗುವಿನ ಆರುನೂರು ಗ್ರಾಂ ನನಗೆ ಬಂದುಬಿಟ್ಟಿದ್ದರೆ ಅದರಲ್ಲಿ ಉಳಿಯುವುದಾದರೂ ಏನು? ಶಾಂತವೀರಪ್ಪನವರ ಮೇಜು ಹಿಡಿದುಕೊಂಡು ನಿಂತೆ.

ಅವರು ನಿಧಾನವಾಗಿ ಕೇಳಿದರು. “ನಿನ್ನೆ ಏನು ತಿಂದೆ?”

“ಗಂಜಿ.”

“ಗಂಜಿಗೆ?”

“ಉಪ್ಪಿನಕಾಯಿ. ಬರೀ ಗಂಜಿ ಗಂಟಲಲ್ಲಿ ಇಳೀಲಿಲ್ಲ ಸ್ವಾಮಿ.”

“ಎಷ್ಟು ಹೋಳು?”

“ಎಣಿಸಲಿಲ್ಲ.”

“ನೀರು ಕಣಮ್ಮ ಅದು, ನೀರು! ಉಪ್ಪು ಹಿಡಿದಿಟ್ಟಿದೆ. ನಡಿ, ಬೇಕಾದ್ರೆ ನೀನೇ ನೋಡು,” ಅಂತ ಸಣ್ಣ ತಕ್ಕಡಿ ಎತ್ತಿಕೊಂಡರು. ಇಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಕಂಡ ದೇವರಿಗೆಲ್ಲ ಕೈ ಮುಗಿದೆ. ಮಗು ಒಂದು ಕೆಜಿ ಆರುನೂರಕ್ಕೇ ನಿಂತಿತ್ತು. ಅಷ್ಟು ದಿನ ಶಾಪ ಹಾಕಿದ್ದ ಅದೇ ಆರುನೂರಕ್ಕೆ ಅವತ್ತು ಕೈ ಮುಗಿದೆ.

ಮಾರನೇ ಬೆಳಿಗ್ಗೆ ನೀರೆಲ್ಲ ಇಳಿದುಹೋಗಿತ್ತು. ಶಾಂತವೀರಪ್ಪನವರು ಉಪ್ಪಿನಕಾಯಿ ದಿನ ಬಿಟ್ಟು ಏಳು ದಿನದ್ದು ಕೂಡಿಸಿದರು, ಭಾಗಿಸಿದರು, ಮತ್ತೊಂದು ಸಲ ಕೂಡಿಸಿದರು. ತಲೆಯೆತ್ತಿ ಅಂದರು, “ನಲವತ್ತು ಗ್ರಾಂ.” ನಾನು ಕೇಳಿಸಿಕೊಂಡೆನೋ ಇಲ್ಲವೋ! ಚಪ್ಪಲಿ ಕೈಗೆ ಬಂತು, ಕಾಲು ಬೀದಿಗೆ ಬಂತು. ಹಿಂದಿನಿಂದ ಅವರು ತಕ್ಕಡಿ ಹೊತ್ತುಕೊಂಡು “ನಿಲ್ಲಮ್ಮ, ತಕ್ಕಡಿ ನನ್ನ ಹತ್ರ ಇದೆ!” ಅಂತ ಕೂಗುತ್ತ ಓಡಿ ಬಂದರು. ಹಾಲಿನವನು ಸೈಕಲ್ಲು ನಿಲ್ಲಿಸಿದ್ದು ಆಗಲೇ. ಇಂದು ಮಗುವನ್ನು ತಕ್ಕಡಿಯ ಮೇಲೆ ಮಲಗಿಸಿದಳು. ಮುಳ್ಳು ಆಡಿತು, ಆಡಿತು, ನಿಂತಿತು. ಒಂದು ಕೆಜಿ ಆರುನೂರ ನಲವತ್ತು. ಯಾರು ಮೊದಲು ಕಿರುಚಿದರೋ ಗೊತ್ತಿಲ್ಲ. ತಿಮ್ಮಾಜಮ್ಮ ನನ್ನನ್ನು ತಬ್ಬಿಕೊಂಡು, ಅವಳ ಎರಡು ಕೈ ನನ್ನ ಬೆನ್ನಿನ ಹಿಂದೆ ಸೇರದೆ, ಅಳುತ್ತಲೇ, “ಇನ್ನೂ ಎಷ್ಟೊಂದು ಇದ್ದೀಯೇ ತಾಯಿ, ನನ್ನ ಮೊಮ್ಮಗಳಿಗೆ ಬೇಕಾದಷ್ಟಾಯ್ತು!” ಅಂದಳು. ಆ ಮನೆಯಲ್ಲಿ ಒಂದು ತಿಂಗಳಿಂದ ಯಾರೂ ನಕ್ಕಿರಲಿಲ್ಲವಂತೆ.

ಅಲ್ಲಿಂದ ದಿನಾ ಸಂಜೆ ಟೇಪು, ದಿನಾ ಬೆಳಿಗ್ಗೆ ತಕ್ಕಡಿ. ನಾನು ಮೂವತ್ತು ಇಳಿದರೆ ಅದು ಮೂವತ್ತು ಏರಿತು. ನಾನು ಒಂದು ದಿನ ನಿಂತರೆ ಅದೂ ನಿಂತಿತು. ಮರುದಿನ ನಾನು ಒಂದು ಸುತ್ತು ಜಾಸ್ತಿ ಹಾಕಿದೆ. ಊರಿನವರು ತೂಕದ ಮನೆಯಲ್ಲಿ ನನಗೆ ಸಾಲು ಬಿಟ್ಟುಕೊಟ್ಟು, ಶಾಂತವೀರಪ್ಪನವರು ಭಾಗಿಸಿ ಮುಗಿಸುವವರೆಗೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ರೇವಮ್ಮ ಕೂಡ ಬಾಯಿಬಿಟ್ಟು ಕೇಳಿದಳು, “ಎಷ್ಟಾಯ್ತು ಚೆಲುವಕ್ಕ?” ಮದುಮಗಳೊಬ್ಬಳು ಹೋದ ವರ್ಷದ ಬ್ಲೌಸಿನಲ್ಲೇ ಧಾರೆಗೆ ಕೂತಳು, ಏನೂ ಮುಳುಗಿಹೋಗಲಿಲ್ಲ.

ಹೆಸರಿಡುವ ದಿನ ಬೆಳಿಗ್ಗೆ ಎಲೆ ಅಡಿಕೆ ಬಾಳೆಹಣ್ಣು, ಹಳದಿ ಕುಲಾವಿ ಎಲ್ಲ ತಟ್ಟೆಯಲ್ಲಿಟ್ಟುಕೊಂಡು ಹೋದೆ. ತಿಮ್ಮಾಜಮ್ಮನ ಹೊಸ್ತಿಲ ಮುಂದೆ ರಂಗೋಲಿ ಇನ್ನೂ ಹಸಿಯಾಗಿತ್ತು. ಅದರ ಪಕ್ಕದಲ್ಲಿ ಮನೆಯವರ ತೂಕ, ಎಲ್ಲದರ ಕೊನೆಯಲ್ಲಿ, ಉಳಿದವರದಕ್ಕಿಂತ ದೊಡ್ಡ ಅಕ್ಷರದಲ್ಲಿ, ಎರಡು ಕೆಜಿ ಹತ್ತು ಗ್ರಾಂ ಅಂತ ಬರೆದಿತ್ತು. ನಾನು ಅದನ್ನು ದಾಟಿ ಹೋಗಲಾರದೆ ಅಲ್ಲೇ ನಿಂತುಬಿಟ್ಟೆ. ಆ ದಿನ ನನ್ನ ತೂಕ ತೊಂಬತ್ತು ಕೆಜಿ ನೂರ ನಲವತ್ತು. ಇಷ್ಟು ದಿನ ಒದ್ದಾಡಿ ಒಂದು ಕೆಜಿಯೂ ಇಳಿದಿಲ್ಲ ನೋಡಿ, ಆದರೂ ಅಷ್ಟು ಹಗುರ ನಾನು ಯಾವತ್ತೂ ಇರಲಿಲ್ಲ.

ಒಳಗೆ ಮಗುವಿನ ಮುಂದೆ ತಟ್ಟೆಯಿಟ್ಟು, “ನಮ್ಮದು ನಿಮಗೆ ಬಂದುಬಿಡ್ತು, ಬೇಜಾರು ಮಾಡ್ಕೋಬೇಡಿ” ಅಂದೆ. ಎಲ್ಲರೂ ನಕ್ಕರು. ಇಂದು ಮಗುವಿನ ಪರವಾಗಿ “ಬಂದದ್ದು ಇರಲಿ ಅಕ್ಕಾ” ಅಂದಳು, ಅಂದವಳು ನನ್ನ ಕೈ ಬಿಡಲಿಲ್ಲ. ತಿಮ್ಮಾಜಮ್ಮ ಕುಲಾವಿ ಎತ್ತಿ ಮಗುವಿನ ತಲೆಗೆ ಹಾಕಲು ಹೋದಳು. ಹೋಗಲಿಲ್ಲ. ಈ ಕಡೆ ಎಳೆದಳು, ಆ ಕಡೆ ಎಳೆದಳು. ಕಿವಿಯ ಮೇಲೇ ಸಿಕ್ಕಿಹಾಕಿಕೊಂಡಿತು. ಮಗು ಮುಖ ಕೆಂಪಗೆ ಮಾಡಿಕೊಂಡು ಮನೆ ಹಾರಿಹೋಗುವ ಹಾಗೆ ಚೀರಿತು.

“ಆಗ್ತಾ ಇಲ್ಲ ಚೆಲುವಿ,” ಅಂದಳು ತಿಮ್ಮಾಜಮ್ಮ. ಕುಲಾವಿಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಳು. “ನೀನು ಹೊಲಿದದ್ದು ಆಗ್ತಾ ಇಲ್ಲ ಕಣೇ!”

“ಕೊಡಿ ಇಲ್ಲಿ,” ಅಂದೆ. ಸೊಂಟದಿಂದ ಕತ್ತರಿ ತೆಗೆದು, ಅಲ್ಲೇ ಚಾಪೆಯ ಮೇಲೆ ಕೂತು ಹೊಲಿಗೆ ಬಿಚ್ಚಿದೆ.